ಗುಡ್ಡ ಕಂಡರೆ ಕೆಮ್ಮುವ ಕಾರು

ವೇರಿಯಾ ಊರಿನ ಅರ್ಧ ಜನಕ್ಕೆ ಇಂಜೆಕ್ಷನ್ ಚುಚ್ಚಿದ ಕೈ ಅದು. ಅನೆಸ್ತಿಸ್‌ನ ಔಷಧಿ ಅಂಗಡಿಯ ಒಳಕೋಣೆಯಲ್ಲಿ ಮೇಯರ್‌ನಿಂದ ಹಿಡಿದು ಮೀನು ಮಾರುವವನ ತನಕ ಎಲ್ಲರೂ ಅವನಿಗೆ ಬೆನ್ನು (ಸಭ್ಯತೆಗಾಗಿ ಬೆನ್ನು ಎಂದೇ ಇಟ್ಟುಕೊಳ್ಳೋಣ) ತೋರಿಸಿ ನಿಂತವರೇ. ಅಂಥವನು ನಿವೃತ್ತನಾದ ಮೇಲೆ ಸ್ವಂತ ಕಾರಿನ ಇಂಜೆಕ್ಷನ್ ಸರಿಮಾಡಲಾಗದೆ ಕಾಫಿ ಅಂಗಡಿಯಲ್ಲಿ ತಲೆ ತಗ್ಗಿಸಿ ಕೂರಬೇಕಾಯಿತೆಂದರೆ ಅದಕ್ಕಿಂತ ದೊಡ್ಡ ಅವಮಾನ ಇನ್ನೇನಿದೆ?

ಆ ಕಾರನ್ನು ಅವನ ತಂದೆ ಜರ್ಮನಿಯ ಕಾರ್ಖಾನೆಯಲ್ಲಿ ದುಡಿದು, ಊರಿಗೆ ಮರಳುವಾಗ ತಾನೇ ಓಡಿಸಿಕೊಂಡು ಬಂದಿದ್ದ. ಕೆನೆ ಬಣ್ಣದ ಮೈ, ಕೆಂಪು ಸೀಟು. ಊರಿನ ಮಿಕ್ಕ ಕಾರುಗಳೆಲ್ಲ ಕಾರ್ಬುರೇಟರ್ ಕಟ್ಟಿಕೊಂಡು ಗೊರಗುಟ್ಟುತ್ತಿದ್ದ ಕಾಲದಲ್ಲೇ ಇದರಲ್ಲಿ ಇಂಜೆಕ್ಷನ್ ಇತ್ತು. ಪಂಪು ಪೆಟ್ರೋಲನ್ನು ಒತ್ತಿ ತಳ್ಳುತ್ತದೆ, ಬೆರಳುದ್ದದ ಇಂಜೆಕ್ಟರುಗಳು ಅದನ್ನು ಇಂಜಿನ್ನಿಗೆ ಚುಚ್ಚುತ್ತವೆ. "ಇದು ನನ್ನ ಕಸುಬಿನ ಕಾರು" ಎಂದು ಅನೆಸ್ತಿಸ್ ಮೀಸೆಯಡಿಯಲ್ಲೇ ಬೀಗುತ್ತಿದ್ದ.

ಈ ಬೇಸಿಗೆಯಲ್ಲಿ ಕಾರಿಗೆ ವಿಚಿತ್ರ ಕಾಯಿಲೆ ಅಂಟಿಕೊಂಡಿತು. ಊರೊಳಗೆ ಬೆಣ್ಣೆಯಂತೆ ಓಡುವುದು. ವೇರ್ಮಿಯೋ ಬೆಟ್ಟದ ದಾರಿ ಹತ್ತಿದರೆ ಮೊದಲು ಕೆಮ್ಮು, ಆಮೇಲೆ ಬಿಕ್ಕಳಿಕೆ, ಕೊನೆಗೆ ಮೂರ್ಛೆ. ಬಾನೆಟ್ ಎತ್ತಿ, ಬೈದು, ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್!

"ಇದು ಕಾಯಿಲೆ ಅಲ್ಲ, ನಾಟಕ," ಎಂದಳು ಹೆಂಡತಿ ಪಾರ್ಥೆನಾ. "ನಿಮ್ಮಮ್ಮಂದೂ ಹೀಗೇ ಇತ್ತು. ತೋಟಕ್ಕೆ ಹೊರಟರೆ ಎದೆನೋವು, ಮದುವೆಮನೆಗೆ ಹೊರಟರೆ ಕುಣಿತ."

"ನಮ್ಮಮ್ಮನ್ನ ಬಾನೆಟ್ ಒಳಗೆ ಎಳೀಬೇಡ."

"ನಾನೆಲ್ಲಿ ಎಳೆದೆ? ಇಂಜಿನ್ನೇ ಅವರ ಥರ ಕೆಮ್ಮುತ್ತೆ."

ತಮಾಷೆ ಮಾಡುವ ಹೊತ್ತೂ ಅದಲ್ಲ. ಮಗಳು ಸಿಮೆಲಾಳ ಮದುವೆ ಬೆಟ್ಟದ ಮೇಲಿನ ಹಳ್ಳಿಯ ಚರ್ಚಿನಲ್ಲಿ ನಿಶ್ಚಯವಾಗಿತ್ತು. "ಮದುಮಗಳಾದಾಗ ನಿನ್ನನ್ನ ಈ ಕಾರಲ್ಲೇ ಕರಕೊಂಡು ಹೋಗ್ತೀನಿ" ಎಂದು ಅವಳು ಫ್ರಾಕು ತೊಡುವ ವಯಸ್ಸಿನಲ್ಲೇ ಅಪ್ಪ ಮಾತು ಕೊಟ್ಟಿದ್ದ. ಸಿಮೆಲಾ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಮಾತು ಮರೆಯುವ ಪೈಕಿ ಅಲ್ಲ. "ಅಪ್ಪಾ, ನಾನು ಬಂದರೆ ಅದರಲ್ಲೇ ಬರೋದು" ಎಂದು ಬೇರೆ ಕಾರಿನ ಮಾತೇ ಬೇಡವೆಂದುಬಿಟ್ಟಿದ್ದಳು.

ಪಾರ್ಥೆನಾಳ ತಮ್ಮ ಲಾಜರೋಸ್‌ಗೆ ಪೀಚ್ ಹಣ್ಣು ಸಾಗಿಸುವ ಶೀತಲ ಲಾರಿ ಇತ್ತು. ಬೆಟ್ಟದಲ್ಲಿ ಕಾರು ನಿಂತಾಗಲೆಲ್ಲ ಎಳೆದು ತಂದವನು ಅವನೇ.

"ಯಾಕೆ ತಲೆ ಕೆಡಿಸ್ಕೋತೀಯ ಭಾವ?" ಎಂದ ಕಾಫಿ ಅಂಗಡಿಯಲ್ಲಿ, ಎಲ್ಲರಿಗೂ ಕೇಳುವಂತೆ. "ನನ್ನ ಲಾರಿಗೇ ಹೂ ಕಟ್ಟೋಣ. ಮದುಮಗಳು ಬಾಡೋದೂ ಇಲ್ಲ."

ಅಂಗಡಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅನೆಸ್ತಿಸ್, ಸೂಜಿ ಬದಲಾಯಿಸಿ ನೋಡು, ಮೊಂಡಾಗಿರ್ಬೇಕು! ನಮಗೆ ಚುಚ್ಚುವಾಗಲೂ ಮೊಂಡೇ ಇತ್ತು!" ಎಂದ ಮೀನಿನವನು. ಅನೆಸ್ತಿಸ್ ಅರ್ಧ ಕುಡಿದ ಕಾಫಿ ಬಿಟ್ಟು ಎದ್ದ. ಈ ಕಾರನ್ನು ಗುಡ್ಡ ಹತ್ತಿಸದೆ ಮತ್ತೆ ಆ ಕುರ್ಚಿಯಲ್ಲಿ ಕೂರುವುದಿಲ್ಲ ಎಂದು ಅಲ್ಲೇ, ಬಾಗಿಲ ಬಳಿಯೇ, ಭೀಷಣ ಪ್ರತಿಜ್ಞೆ ಮಾಡಿದ. (ಮನಸ್ಸಿನಲ್ಲೇ. ಬಾಯಿಬಿಟ್ಟು ಹೇಳಿದ್ದರೆ ಅದಕ್ಕೂ ನಗುತ್ತಿದ್ದರು.)

ಚಿಕಿತ್ಸೆ ಶುರುವಾಯಿತು. ಫಿಲ್ಟರ್ ಬದಲಾಯಿಸಿದ. ಕೆಮ್ಮು ನಿಲ್ಲಲಿಲ್ಲ. ಇಂಜಿನ್ನಿನ ಬಿಸಿ ಅಳೆಯುವ ಸೆನ್ಸರನ್ನು ಕುದಿನೀರಿನಲ್ಲಿ ಅದ್ದಿ ಪರೀಕ್ಷಿಸಿದ, ಅದು ಸರಿಯಾಗಿಯೇ ಇತ್ತು. ಗಾಳಿ ಎಲ್ಲಾದರೂ ಸೋರುತ್ತಿದೆಯೋ ಎಂದು ರಬ್ಬರ್ ಕೊಳವೆಗಳಿಗೆಲ್ಲ ಸೋಪಿನ ನೊರೆ ಬಳಿದ. ಕಾರು ಘಮಘಮಿಸಿತು, ಅಷ್ಟೇ. ಕೊನೆಗೆ ಇಂಜೆಕ್ಟರುಗಳನ್ನೇ ಕಳಚಿ, ಪ್ರತಿಯೊಂದರ ಮೂತಿಗೂ ಒಂದೊಂದು ಗಾಜಿನ ಜಾಡಿ ಹಿಡಿದು, ಎಷ್ಟೆಷ್ಟು ಪೆಟ್ರೋಲ್ ಉಗುಳುತ್ತವೆ ಎಂದು ನೋಡಿದ. ಎಲ್ಲ ಜಾಡಿಯಲ್ಲೂ ಸಮಸಮ. ಆನಂದದಿಂದ ತಲೆಯೆತ್ತಿದರೆ ಎದುರಿಗೆ ಪಾರ್ಥೆನಾ.

"ಅನೆಸ್ತಿ, ಅವು ನನ್ನ ಜಾಮಿನ ಜಾಡಿ."

"ತೊಳೆದು ಕೊಡ್ತೀನಿ."

"ಪೆಟ್ರೋಲ್ ವಾಸನೆಯ ಪೀಚ್ ಜಾಮ್ ಯಾರಪ್ಪಾ ತಿಂತಾರೆ?"

"ನಿನ್ನ ತಮ್ಮನಿಗೆ ಕೊಡು. ಲಾರಿ ಓಡಿಸುವವನು, ಅವನಿಗೆ ಒಗ್ಗುತ್ತೆ."

ಆ ದಿನ ಮಧ್ಯಾಹ್ನ ಮನೆಯಲ್ಲಿ ಅಡುಗೆಯಾಗಲಿಲ್ಲ ಎಂಬುದನ್ನು ಬಿಟ್ಟರೆ ಬೇರೆ ಅನಾಹುತವಾಗಲಿಲ್ಲ.

ಹಸಿದ ಹೊಟ್ಟೆಯಲ್ಲೇ ಅವನಿಗೆ ಹೊಳೆಯಿತು: ಮನೆಯಂಗಳದಲ್ಲಿ ಆರೋಗ್ಯವಾಗಿರುವ ರೋಗಿಯನ್ನು ಎಷ್ಟು ಪರೀಕ್ಷಿಸಿದರೇನು? ಕಾಯಿಲೆ ಬರುವ ಹೊತ್ತಿನಲ್ಲೇ ನಾಡಿ ಹಿಡಿಯಬೇಕು! ಪೆಟ್ರೋಲಿನ ಒತ್ತಡ ತೋರಿಸುವ ಮೀಟರಿಗೆ ಉದ್ದದ ಕೊಳವೆ ಜೋಡಿಸಿ, ಬಾನೆಟ್ಟಿನ ಸಂದಿಯಿಂದ ಹೊರತೆಗೆದು, ಮೀಟರನ್ನು ಮುಂದಿನ ಗಾಜಿನ ಹೊರಗೆ ಗಾಯದ ಪಟ್ಟಿಯಿಂದ ಅಂಟಿಸಿದ. ಮುಳ್ಳು ನೋಡುತ್ತಿರಲು ಪಕ್ಕದ ಸೀಟಿಗೆ ಒಬ್ಬರು ಬೇಕು. ಕೆಳದನಿಯಲ್ಲಿ, ಬಹಳ ಗೌರವದಿಂದ, ಹೆಂಡತಿಯನ್ನು ಕರೆದ.

ಏರು ಹತ್ತಿದರು.

"ಮುಳ್ಳು ಎಲ್ಲಿದೆ?"

"ಇದ್ದಲ್ಲೇ ಇದೆ. ನೀನು ರಸ್ತೆ ನೋಡು."

"ಈಗ?"

"ಸ್ವಲ್ಪ ಕೆಳಗಿಳೀತು. ಅಯ್ಯೋ, ಆ ಟ್ರ್ಯಾಕ್ಟರ್!"

"ಟ್ರ್ಯಾಕ್ಟರ್ ಬಿಡು, ಮುಳ್ಳು ಹೇಳು!"

"ಮುಳ್ಳೂ ಇಳೀತಿದೆ, ನನ್ನ ಜೀವಾನೂ ಇಳೀತಿದೆ!"

ಕೆಮ್ಮು. ಬಿಕ್ಕಳಿಕೆ. ಮೂರ್ಛೆ. ಮುಳ್ಳು ತಳ ಮುಟ್ಟಿತ್ತು. ಅನೆಸ್ತಿಸ್ ಸ್ಟೀರಿಂಗ್ ಗುದ್ದಿ ಕೂಗಿದ, "ಇಂಜೆಕ್ಷನ್ನಿನದಲ್ಲ ತಪ್ಪು! ಪೆಟ್ರೋಲೇ ಮೇಲೆ ಬರ್ತಿಲ್ಲ!"

"ಇದ್ದರೆ ತಾನೇ ಬರೋದು? ಹಾಕಿಸಿದೀಯೋ ಇಲ್ವೋ?" ಪಾರ್ಥೆನಾ ಅವನ ಜೇಬಿನಿಂದ ಟ್ಯಾಂಕಿನ ಬೀಗದ ಕೈ ಕಿತ್ತುಕೊಂಡು, ದಡದಡ ಇಳಿದು, ಮುಚ್ಚಳ ತಿರುವಿದಳು.

ಉಸ್ಸ್ಸ್... ದೊಡ್ಡ ನಿಟ್ಟುಸಿರಿನಂತೆ ಗಾಳಿ ಒಳಗೆ ನುಗ್ಗಿತು.

ಅನೆಸ್ತಿಸ್ ಕೀ ತಿರುವಿದ. ಕಾಫಿಯೂ ಬೇಡ, ವಿಶ್ರಾಂತಿಯೂ ಬೇಡ, ಇಂಜಿನ್ ಗುರ್ ಎಂದಿತು. ಮುಳ್ಳು ನೆಟ್ಟಗೆ ಎದ್ದು ನಿಂತಿತು. ಅವನ ಮುಖ ಮಾತ್ರ ಬಿಳಿಚಿಕೊಂಡಿತು. ಈ ಬೇಸಿಗೆಯ ಮೊದಲಲ್ಲಿ ಟ್ಯಾಂಕಿಗೆ ಫಳಫಳ ಹೊಳೆಯುವ ಆ ಬೀಗದ ಮುಚ್ಚಳ ತಂದು ಹಾಕಿದವನು ಅವನೇ. ಲಾಜರೋಸ್ ಕದ್ದು ಪೆಟ್ರೋಲ್ ಹೀರುತ್ತಾನೆ ಎಂಬ ಗುಮಾನಿಯಿಂದ! ಹಳೆಯ ಮುಚ್ಚಳದಲ್ಲಿ ಗಾಳಿ ಹೋಗಲು ತೂತಿತ್ತು. ಇದರಲ್ಲಿ ಇಲ್ಲ. ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರದೆ ಟ್ಯಾಂಕು ಉಸಿರು ಬಿಗಿಹಿಡಿಯುತ್ತಿತ್ತು, ಪಂಪು ಎಷ್ಟು ಹೀರಿದರೂ ಪೆಟ್ರೋಲ್ ಬರುತ್ತಿರಲಿಲ್ಲ. ಗುಡ್ಡ ಹತ್ತುವಾಗ ಪೆಟ್ರೋಲ್ ಹೆಚ್ಚು ಬೇಕಲ್ಲ, ಅಲ್ಲೇ ಮೂರ್ಛೆ.

ರಬ್ಬರ್ ಬಿರಡೆಯ ಔಷಧಿ ಸೀಸೆಗೆ ಮೊದಲು ಗಾಳಿ ತಳ್ಳಿ, ಆಮೇಲೆ ಔಷಧಿ ಎಳೆಯಬೇಕೆಂದು ಎಷ್ಟು ನರ್ಸುಗಳಿಗೆ ಕಲಿಸಿದ್ದನೋ ಅವನು!

"ಲಾಜರೋಸ್‌ಗೆ ಹೇಳ್ಬೇಡ," ಎಂದ ಮೆಲ್ಲಗೆ.

"ಹೇಳಲ್ಲ," ಎಂದಳು ಪಾರ್ಥೆನಾ. ಬೆಟ್ಟ ಇಳಿಯುವ ತನಕ ನಕ್ಕಳು. ಆದರೆ ನಿಜವಾಗಿಯೂ ಹೇಳಲಿಲ್ಲ. ಹೀಗಾಗಿ ಕಾರು ಗುಣವಾದ ಸುದ್ದಿಯೂ ಬೇರೆ ಯಾರಿಗೂ ಸರಿಯಾಗಿ ತಿಳಿಯಲಿಲ್ಲ. ಹಳೆಯ ಮುಚ್ಚಳ ಮತ್ತೆ ಟ್ಯಾಂಕಿಗೇರಿತು, ಆದರೂ "ಮುಚ್ಚಳ ಬದಲಿಸಿದರೆ ನಾಟಕ ನಿಲ್ಲುತ್ತಾ?" ಎಂದು ಪಾರ್ಥೆನಾಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಕಾಫಿ ಅಂಗಡಿಯವರಿಗೆ ಮದುವೆಯ ದಿನವೇ ಉತ್ತರ ಕೊಡುವುದೆಂದು ಅನೆಸ್ತಿಸ್ ಹಲ್ಲು ಕಚ್ಚಿ ಕಾದ.

ಮದುವೆಯ ಮಧ್ಯಾಹ್ನ ನೆಂಟರೆಲ್ಲ ಮುಂದೆ ಹೋದರು. ಪಾರ್ಥೆನಾಳನ್ನು ಲಾಜರೋಸ್ ಕರೆದೊಯ್ದ. ಪದ್ಧತಿಯಂತೆ ವರ ಪಾಂದೆಲಿಸ್ ಹೂಗುಚ್ಛ ಹಿಡಿದು ಚರ್ಚಿನ ಬಾಗಿಲಲ್ಲಿ ನಿಂತ. ಕೊನೆಯಲ್ಲಿ ಹೊರಟಿತು ಕೆನೆಬಣ್ಣದ ರಥ, ಮುಂದೆ ಅಪ್ಪ, ಹಿಂದೆ ಬಿಳಿ ಉಡುಪಿನ ಮಗಳು. ಕೆಮ್ಮಿಲ್ಲ, ಬಿಕ್ಕಳಿಕೆಯಿಲ್ಲ. ಒಂದೊಂದು ತಿರುವು ದಾಟಿದಾಗಲೂ ಅನೆಸ್ತಿಸ್‌ನ ಎದೆ ಒಂದು ಗೇಣು ಉಬ್ಬಿತು. ಹಾಗೆ ಉಬ್ಬುತ್ತಲೇ ಚರ್ಚಿನತ್ತ ಒಳಗೆ ಹೋಗುವ ತಿರುವನ್ನೂ ದಾಟಿಬಿಟ್ಟ.

"ಅಪ್ಪಾ! ಚರ್ಚು!"

"ನೋಡಿದೆ ಕಣಮ್ಮ. ಈ ಇಕ್ಕಟ್ಟಲ್ಲಿ ಹೇಗೆ ತಿರುಗಿಸಲಿ? ಮೇಲೆ ಜಾಗ ಇದೆ." (ಜಾಗ ಅಲ್ಲಿಯೂ ಇತ್ತು. ಆದರೆ ಮೇಲಿನದು ಇನ್ನೂ ಕಡಿದಾದ ಏರು, ಅದನ್ನು ಬಿಡಲು ಮನಸ್ಸು ಒಪ್ಪಲಿಲ್ಲ.) "ಕೇಳು, ಇಂಜಿನ್ ಹೇಗೆ ಹಾಡ್ತಿದೆ!"

"ಚೆನ್ನಾಗಿ ಹಾಡ್ತಿದೆ ಅಪ್ಪ, ನನಗೆ ಇವತ್ತು ಮದುವೆ!"

ಮೇಲೆ ಕಾರು ತಿರುಗಿಸಿದರೆ ರಸ್ತೆಯ ತುಂಬ ಮೇಕೆಗಳು. ಕುರುಬ ಅವನ್ನು ಅವಸರಪಡಿಸುವ ಲಕ್ಷಣವಿರಲಿಲ್ಲ. ಸಾಲದ್ದಕ್ಕೆ ಮದುಮಗಳನ್ನು ಕಂಡು ಟೋಪಿ ತೆಗೆದು, ಮೊಮ್ಮಕ್ಕಳಾಗುವ ತನಕದ ಆಶೀರ್ವಾದವನ್ನೆಲ್ಲ ಮುಗಿಸಿದ ಮೇಲೆಯೇ ದಾರಿ ಬಿಟ್ಟ. ಫೋನಿಗೆ ಅಲ್ಲಿ ಸಿಗ್ನಲ್ಲೇ ಇಲ್ಲ.

ಕೊನೆಗೂ ಚರ್ಚಿನಂಗಳಕ್ಕೆ ಬಂದರೆ ಅಲ್ಲಿ ಒಂದು ನರಪಿಳ್ಳೆಯಿಲ್ಲ. ವರನಿಲ್ಲ, ನೆಂಟರಿಲ್ಲ, ವಾದ್ಯದವರೂ ಇಲ್ಲ. ಮುದಿ ಪಾದ್ರಿ ಯೋರ್ದಾನಿಸ್ ಒಬ್ಬರೇ ಮೆಟ್ಟಿಲ ಮೇಲೆ ಗಡ್ಡ ನೀವುತ್ತಾ ಕೂತಿದ್ದರು.

"ಎಲ್ರೂ ಎಲ್ಲಿ ಸ್ವಾಮಿ?"

"ನಿಮ್ಮನ್ನ ಹುಡುಕೋಕೆ ಕೆಳಗೆ ಹೋದ್ರಪ್ಪ. ನೀವು ಬರೋದು ತಡವಾಯ್ತಲ್ಲ, 'ಭಾವನ ಕಾರು ಕೈ ಕೊಡ್ತು' ಅಂದ ಲಾಜರೋಸ್. ವರನೂ ಹೂವಿನ ಸಮೇತ ಓಡಿದ."

ಅಷ್ಟರಲ್ಲಿ ಅನೆಸ್ತಿಸ್‌ನ ಫೋನು ಬಡಿದುಕೊಂಡಿತು. ಪಾರ್ಥೆನಾ.

"ಯಾವ ತಿರುವಲ್ಲಿ ಕೆಟ್ಟು ನಿಂತಿದೀರಿ?"

"ಕೆಟ್ಟಿಲ್ಲ! ಚರ್ಚ್ ಮುಂದೇ ಇದ್ದೀವಿ!"

"ಮರ್ಯಾದೆಗೆ ಅಂಜಿ ಸುಳ್ಳು ಹೇಳ್ಬೇಡ ಅನೆಸ್ತಿ. ನಾವು ಈಗ ತಾನೇ ಅಲ್ಲಿಂದ ಇಳಿದು ಬಂದಿದೀವಿ. ದಾರೀಲಿ ನೀವು ಸಿಗಲೇ ಇಲ್ಲ. ಕಂದಕಕ್ಕೇನಾದ್ರೂ..."

ಅನೆಸ್ತಿಸ್ ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿದು ಇಂಜಿನ್ನನ್ನು ರೇಗಿಸಿದ. ರೇಷ್ಮೆಯಂಥ ನುಣ್ಣನೆಯ ನಾದ.

"ಯಾರದ್ದೋ ಒಳ್ಳೇ ಕಾರು ಬಂದಿದೆ ಅಲ್ಲಿ!" ಎಂದು ಕಿರುಚಿದಳು ಪಾರ್ಥೆನಾ. "ಕೈ ಅಡ್ಡ ಹಾಕಿ ನಿಲ್ಲಿಸು! ಸಿಮೆಲಾನ ಅದರಲ್ಲಿ ಹತ್ತಿಸಿ ಕಳಿಸು, ನೀನು ನಿಧಾನವಾಗಿ ಬಾ!"

ಸಿಮೆಲಾ ಕಾರಿನ ಬಾಗಿಲಿಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಪಾದ್ರಿಗಳು ಎದ್ದು ಬಂದು ಫೋನು ಕಸಿದುಕೊಂಡರು. "ಪಾರ್ಥೆನಾ, ನಾನಮ್ಮ, ಯೋರ್ದಾನಿಸ್. ದೇವರ ಮನೆ ಮುಂದೆ ನಿಂತು ಹೇಳ್ತಿದೀನಿ, ನಿನ್ನ ಗಂಡ, ಮಗಳು, ಕಾರು, ಮೂರೂ ಇಲ್ಲೇ ಇದೆ. ನಾನೇ ಕಣ್ಣಾರೆ ನೋಡ್ತಿದೀನಿ."

ಆ ಕಡೆಯಿಂದ ಪಾರ್ಥೆನಾಳ ದನಿ ಮರುಕದಿಂದ ಕರಗಿ ಬಂತು:

"ಹೌದಾ ಸ್ವಾಮಿ? ಅಯ್ಯೋ ಪಾಪ, ಅಷ್ಟು ದೂರ ಇಬ್ಬರೇ ತಳ್ಳಿಕೊಂಡು ಬಂದ್ರಾ? ನನ್ನ ಮಗಳ ಬಿಳಿ ಬಟ್ಟೆ ಕೊಳೆ ಆಗಿಲ್ಲ ತಾನೇ?"