ಸರ್ವಮಂಗಳೆಯ ಸೋಫಾ ಪ್ರತಿಜ್ಞೆ

ಎಲೈ ಬಾಗಿಲಮೂಲೆನಿವಾಸಿನಿಯೇ, ಧೂಳೀಪಟಲವಿದಾರಿಣಿಯೇ, ಕಾಲು ತಾಕಿದರೆ ಕಣ್ಣಿಗೊತ್ತಿಕೊಳ್ಳಲ್ಪಡುವ ಪೊರಕೆಯೆಂಬ ಮಹಾಮಾತೆಯೇ! ನಿನ್ನದೊಂದು ಕಡ್ಡಿ ಮುರಿದು ಲೇಖನಿ ಮಾಡಿಕೊಂಡು ಈ ಯುದ್ಧವನ್ನು ಬರೆಯಲು ಕುಳಿತಿದ್ದೇನೆ. ಕೈ ಬಿಡಬೇಡ ತಾಯಿ.

ಕಲಿಯುಗದ ತೀರ ಈಚಿನ ಪಾದದಲ್ಲಿ, ಗ್ಯಾಸ್ ಸಿಲಿಂಡರು ಬುಕ್ ಮಾಡಿ ಹನ್ನೊಂದು ದಿನ ಸಂದು ಹನ್ನೆರಡನೆಯದು ನಡೆಯುತ್ತಿದ್ದ ಭಾನುವಾರದಂದು, ತುಮಕೂರಿನ ನೀರಿನ ಟ್ಯಾಂಕಿನ ಹಿಂದಣ ಎರಡನೇ ಕ್ರಾಸಿನಲ್ಲಿ, ಸಕಲಡಬ್ಬಸಂರಕ್ಷಕಿಯೂ ಖಾಲಿಬಾಟಲಿಸಂಗ್ರಹಧುರೀಣೆಯೂ ಭೀಷಣಪ್ರತಿಜ್ಞಾಬದ್ಧೆಯೂ ಆದ ಸರ್ವಮಂಗಳೆಯೆಂಬ ವೀರವನಿತೆಯು ಪತಿಯಾದ ಪಂಚಾಕ್ಷರಿಯೊಡನೆ ರಾಜ್ಯವಾಳುತ್ತಿದ್ದಳು. ರಾಜ್ಯವೆಂದರೆ ಒಂದು ಹಾಲ್, ಒಂದು ಅಡುಗೆಮನೆ, ಒಂದು ದೊಡ್ಡ ರೂಮು, ಒಂದು ಸಣ್ಣ ರೂಮು. ಸಣ್ಣ ರೂಮನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪ್ರತಿಜ್ಞೆ ಏನೆಂದು ಕೇಳುವಿರಾ? ಕೇಳದಿದ್ದರೂ ಹೇಳುತ್ತೇನೆ, ನನಗೆ ತಡೆಯದು. ಏಳು ವರ್ಷದ ಹಿಂದೆ ಈ ಮನೆಯ ಗೃಹಪ್ರವೇಶದ ದಿನ, ಪಂಚಾಕ್ಷರಿಯ ಅಕ್ಕ ದಾಕ್ಷಾಯಣಮ್ಮನವರು ತಿಪಟೂರಿನಿಂದ ಬಂದು, ಗೋಡೆ ಸವರಿ, ನಲ್ಲಿ ತಿರುಗಿಸಿ, ಕಿಟಕಿಗಳನ್ನು ತೆರೆದು ಮುಚ್ಚಿ, ಹೊಚ್ಚ ಹೊಸ ಸೋಫಾವನ್ನು ತೋರುಬೆರಳಿನಿಂದ ಒತ್ತಿ ನೋಡಿ, ಹಾಲ್ ತುಂಬ ನೆರೆದಿದ್ದ ನೆಂಟರಿಷ್ಟರ ಎದುರು ಒಂದೇ ಒಂದು ಮಾತು ನುಡಿದಿದ್ದರು.

"ಪರವಾಗಿಲ್ಲ."

ಐದೇ ಅಕ್ಷರ! ತಮ್ಮನ ಹೆಸರೇ ಪಂಚಾಕ್ಷರಿ. ಅಕ್ಕನ ಮಂತ್ರವೂ ಪಂಚಾಕ್ಷರಿ. ಮನೆ ಕಟ್ಟುವಾಗ ಬಿಸಿಲಲ್ಲಿ ಖುದ್ದು ಪೈಪು ಹಿಡಿದು ನಿಂತು ಗೋಡೆ ಗೋಡೆಗೂ ನೀರು ಹಾಯಿಸಿದ್ದ ಸರ್ವಮಂಗಳೆಗೆ ಆ ಮಾತು ಎದೆಗೆ ಚುಚ್ಚಿತು. ಅಡುಗೆಮನೆಗೆ ಹೋಗಿ ಒಗ್ಗರಣೆಯ ಘಾಟಿನ ನೆಪದಲ್ಲಿ ಅತ್ತಳು. ಅತ್ತು ಮುಗಿಸಿ, ಸೌಟನ್ನು ಮೇಲೆತ್ತಿ ಶಪಥ ಮಾಡಿದಳು: "ಅತ್ತಿಗೆಯ ಬಾಯಿಂದ 'ಚೆನ್ನಾಗಿದೆ' ಎಂಬ ನಾಲ್ಕಕ್ಷರ ಹೊರಡುವ ತನಕ ಈ ಸೋಫಾದ ಪ್ಲಾಸ್ಟಿಕ್ ಕವರನ್ನು ಬಿಚ್ಚೆನು, ಬಿಚ್ಚೆನು, ಬಿಚ್ಚೆನು!"

ಬಿಚ್ಚಲಿಲ್ಲ. ಏಳು ಬೇಸಿಗೆಗಳಲ್ಲಿ ಆ ಸೋಫಾದ ಮೇಲೆ ಕೂತವರೆಲ್ಲ ಬೆವರಿ, ಅಂಟಿ, ಏಳುವಾಗ ಚರ್ರೆಂದು ಸದ್ದು ಮಾಡಿ ಎದ್ದರು. ಹಬ್ಬಕ್ಕೆ ಹರಿದಿನಕ್ಕೆ ಇವರೇ ತಿಪಟೂರಿಗೆ ಹೋಗಿ ಬರುತ್ತಿದ್ದುದರಿಂದ ದಾಕ್ಷಾಯಣಮ್ಮನವರು ಮತ್ತೆ ಈ ಕಡೆ ಬರಲೇ ಇಲ್ಲ, ಪ್ರತಿಜ್ಞೆ ತೀರಲೇ ಇಲ್ಲ.

ಅಂಥಾದ್ದರಲ್ಲಿ ಅಂದು ಬೆಳಗ್ಗೆ ಎಂಟಕ್ಕೆ ಫೋನು ಬಂತು. "ಮಂಗಳಾ, ಹನ್ನೊಂದರ ಹೊತ್ತಿಗೆ ಬರ್ತೀನಿ ಕಣೇ. ಸುಮ್ನೆ ಏನೂ ಮಾಡಕ್ಕೆ ಹೋಗ್ಬೇಡ."

ಏನೂ ಮಾಡಬೇಡ! ಅಯ್ಯಾ ಕೇಳುಗರೇ, ನೆಂಟರು ಊದುವ ಯುದ್ಧಶಂಖವೇ ಅದು. ಸರ್ವಮಂಗಳೆ ಸೆರಗು ಸಿಕ್ಕಿಸಿ, ಪೇಪರಿನ ಹಿಂದೆ ಅಡಗಿದ್ದ ಗಂಡನೆದುರು ನಿಂತು ಗರ್ಜಿಸಿದಳು: "ಎಲೈ ಪತ್ರಿಕಾಪಟಾಚ್ಛಾದಿತವದನನೇ! ನಿನ್ನ ಅಗ್ರಜೆಯ ದಂಡಯಾತ್ರೆಯು ಹೊಸ್ತಿಲನ್ನು ಸಮೀಪಿಸುತ್ತಿರಲು, ಮಂಚದಗಲಕ್ಕೂ ಒಗೆದ ಬಟ್ಟೆಗಳು ಪರ್ವತಾಕಾರವಾಗಿ ಬೆಳೆದಿರಲು, ನೀನು ಕಾಲು ಚಾಚಿ ಕುಳಿತಿರುವುದು ಕ್ಷಾತ್ರವೇ? ಏಳು! ಜೇಡ ಹೊಡೆಯುವ ಕೋಲನ್ನು ಕೈಗೆತ್ತಿಕೋ!"

ನಿಜ ಹೇಳಬೇಕೆಂದರೆ ಆಕೆ ಆಡಿದ್ದು ಇಷ್ಟೇ: "ರೀ, ಏಳ್ರೀ ಸಾಕು! ನಿಮ್ಮಕ್ಕ ಬರ್ತಿದಾರೆ, ಇವರು ನೋಡಿದ್ರೆ ರಾಶಿಭವಿಷ್ಯ ಓದ್ತಾ ಕೂತಿದಾರೆ!" ಮಿಕ್ಕಿದ್ದು ನನ್ನ ಕೈಚಳಕ.

ಪಂಚಾಕ್ಷರಿಯೂ ಕಡಿಮೆಯವನಲ್ಲ. ಪಂಚೆ ಎತ್ತಿ ಕಟ್ಟಿ, ಸ್ಟೂಲೆಂಬ ರಥವನ್ನೇರಿ ಘೋಷಿಸಿದನು: "ಅಂಜದಿರು ಮಂಗಳಾ! ಒಂಟಿಯಾಗಿ ನೀರಿನ ತೊಟ್ಟಿ ತೊಳೆದ ಬಾಹುಗಳಿವು! ಎಂಟು ಕಾಲಿನ ಈ ಕ್ಷುದ್ರಜಂತು ನನ್ನೆದುರು ಎಷ್ಟು ಹೊತ್ತು ನಿಂತೀತು?" ಎಂದು ಛಾವಣಿಯ ಈಶಾನ್ಯ ಮೂಲೆಗೆ ಕೋಲು ಬೀಸಲು, ಅಲ್ಲಿ ತಲೆಮಾರುಗಳಿಂದ ನೆಲೆಸಿದ್ದ ಜೇಡವು ಕೋಲನ್ನು ತಪ್ಪಿಸಿ, ನೂಲು ಹಿಡಿದು ಇಳಿದು, ನೇರವಾಗಿ ಆ ಮಹಾವೀರನ ಬೋಳುನೆತ್ತಿಯ ಮೇಲೆ ಪಾದವಿಟ್ಟಿತು. "ಅಯ್ಯಯ್ಯಪ್ಪಾ!" ಎಂದು ವೀರನು ರಥಚ್ಯುತನಾಗಿ ಬಟ್ಟೆಯ ಪರ್ವತದ ಮೇಲೆ ಬಿದ್ದನು. ಪೆಟ್ಟಾಗಲಿಲ್ಲ, ಮರ್ಯಾದೆ ಹೋಯಿತು.

ಗಂಟೆ ಹತ್ತಾಯಿತು. ಮಡಚುವುದಕ್ಕೆ ಪುರುಸೊತ್ತಿಲ್ಲ, ಎಸೆಯುವುದಕ್ಕೆ ಮನಸ್ಸಿಲ್ಲ. ಆಗ ಸರ್ವಮಂಗಳೆಯು ಈ ನಾಡಿನ ಗೃಹಿಣಿಯರು ಪರಂಪರೆಯಿಂದ ಬಲ್ಲ ಕಟ್ಟಕಡೆಯ ಅಸ್ತ್ರವನ್ನು ಹೂಡಿದಳು. ಎಲ್ಲವನ್ನೂ ಸಣ್ಣ ರೂಮಿಗೆ ತುರುಕಿದಳು! ಬಟ್ಟೆಯ ರಾಶಿ, ಹಳೆ ಪೇಪರು, ಮುರಿದ ಮಿಕ್ಸಿ, ಮುಚ್ಚಳವಿಲ್ಲದ ಹದಿನೇಳು ಡಬ್ಬ, ಡಬ್ಬವಿಲ್ಲದ ಇಪ್ಪತ್ತೆರಡು ಮುಚ್ಚಳ. ಪಂಚಾಕ್ಷರಿ ಬಾಗಿಲಿಗೆ ಬೆನ್ನು ಕೊಟ್ಟು ಒತ್ತಿದನು, ಆಕೆ ಹೊರಗಿನಿಂದ ಚಿಲಕ ಜಡಿದಳು.

ಆಮೇಲೆ ನೋಡಬೇಕಿತ್ತು ಆ ಹಾಲಿನ ವೈಭವವನ್ನು! ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ಹದಿನೈದು ಚುಕ್ಕಿಯ ರಂಗೋಲಿ, ಟೀಪಾಯಿಯ ಮೇಲೆ ಕಸೂತಿ ಬಟ್ಟೆ, ಕಿಟಕಿಗೆ ಬೀರುವಿನಿಂದ ಹೊರಬಂದ ನವಿಲಿನ ಪರದೆ. ಪರದೆ ಕಟ್ಟಿದ್ದು ಪಂಚಾಕ್ಷರಿ, ಹಾಗಾಗಿ ನವಿಲುಗಳು ತಲೆಕೆಳಗಾಗಿದ್ದವು. ಅದನ್ನು ಸರಿಪಡಿಸುವ ಮೊದಲೇ ಗೇಟು ಕಿರುಗುಟ್ಟಿತು.

ದಾಕ್ಷಾಯಣಮ್ಮನವರು ಬಂದೇಬಿಟ್ಟರು. ಗೇಟಿನಲ್ಲೇ ನಿಂತು, ಹಿಂತಿರುಗಿ ನೋಡಿ ಅಂದರು: "ಎದುರು ಮನೆ ಚೆನ್ನಾಗಿದೆ ಕಣೇ."

ಅಬ್ಬಾ! ಏಳು ವರ್ಷ ಕಾದಿದ್ದ ನಾಲ್ಕಕ್ಷರ ಎದುರು ಮನೆಯ ಪಾಲಾಯಿತು. ಆದರೂ ಸರ್ವಮಂಗಳೆ ನಕ್ಕು "ಬನ್ನಿ ಅತ್ತಿಗೆ" ಎಂದಳು. ಅತ್ತಿಗೆ ರಂಗೋಲಿ ನೋಡಿದರು, ತೋರಣ ನೋಡಿದರು, ಹಾಲಿನ ನಡುವೆ ನಿಂತು ಸುತ್ತ ಕಣ್ಣಾಡಿಸಿದರು. ಸರ್ವಮಂಗಳೆ ಆ ನಾಲ್ಕಕ್ಷರಕ್ಕೆ ಕಿವಿ ನೆಟ್ಟಳು.

"ನವಿಲು ಯಾಕೆ ಶೀರ್ಷಾಸನ ಹಾಕಿದೆ?" ಅಂದರು ಅತ್ತಿಗೆ. "ಇರು, ಬ್ಯಾಗ್ ಒಳಗಿಟ್ಟು ಕೈಕಾಲು ತೊಳ್ಕೊಂಡ್ ಬರ್ತೀನಿ." ಎಂದವರೇ ಸ್ವಂತ ಮನೆಯವರ ಹಾಗೆ ಸೀದಾ ನಡೆದು, ಸಣ್ಣ ರೂಮಿನ ಚಿಲಕಕ್ಕೆ ಕೈ ಹಾಕಿದರು.

"ಅತ್ತಿಗೆ, ಬೇಡಾ!" "ಅಕ್ಕಾ, ಅದಲ್ಲ!" ಎಂಬ ಎರಡು ಆರ್ತನಾದಗಳು ಏಕಕಾಲಕ್ಕೆ ಹೊರಟವು, ಎರಡೂ ತಡವಾದವು. ಮೊದಲು ಒಂದು ಮುಚ್ಚಳ ಉರುಳಿ ಬಂತು. ಅದರ ಹಿಂದೆ ಹದಿನೇಳು ಡಬ್ಬ. ಅವುಗಳ ಹಿಂದೆ ಇಡೀ ಬಟ್ಟೆಯ ಪರ್ವತವು ಭೋರೆಂದು ಕುಸಿದು, ತಿಪಟೂರಿನ ಆ ಘನಗಂಭೀರೆಯನ್ನು ಮೊಳಕಾಲಿನ ತನಕ ಹೂತುಹಾಕಿತು. ಅವರ ತಲೆಯ ಮೇಲೆ ಪಂಚಾಕ್ಷರಿಯ ತೂತು ಬನಿಯನ್ ಕಿರೀಟವಾಗಿ ಕೂತಿತು.

ದಾಕ್ಷಾಯಣಮ್ಮನವರು ಬನಿಯನ್ನು ತೆಗೆದು, ಕೊಡವಿ, ಅಲ್ಲೇ ನೆಲದ ಮೇಲೆ ಕೂತು ಮಡಚತೊಡಗಿದರು. "ಅಯ್ಯೋ, ಪರವಾಗಿಲ್ಲ ಬಿಡೇ."

ಮತ್ತೆ ಅದೇ ಐದಕ್ಷರ! ಕಟ್ಟೆಯೊಡೆಯಿತು. "ಬೇರೆ ಮಾತೇ ಬರಲ್ವಾ ಅತ್ತಿಗೆ ನಿಮಗೆ?" ಎಂದು ಸರ್ವಮಂಗಳೆ ಬಿಕ್ಕಿದಳು. "ಗೃಹಪ್ರವೇಶಕ್ಕೂ ಎಲ್ಲರ ಮುಂದೆ ಅದನ್ನೇ ಅಂದ್ರಿ. ಎದುರು ಮನೇಗೆ ಚೆನ್ನಾಗಿದೆ ಅಂತೀರ. ನಮ್ಮನೇಗೆ ಒಂದ್ಸಲ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅತ್ತಿಗೆ ಬನಿಯನ್ನು ಹಿಡಿದಿದ್ದ ಹಾಗೇ ಕಣ್ಣರಳಿಸಿದರು. "ಲೇ ಹುಚ್ಚಿ! ನಮ್ಮವರದನ್ನ ಬಾಯ್ತುಂಬಾ ಚೆನ್ನಾಗಿದೆ ಅಂದ್ರೆ ದೃಷ್ಟಿ ತಾಗಲ್ವೇನೇ? ಅವತ್ತು ಅಷ್ಟು ಜನ ಇದ್ರು, ಅದಕ್ಕೇ ಹಾಗಂದೆ. ಎದುರು ಮನೇಗೆ ತಾಗಿದ್ರೆ ನಮಗೇನು!"

"ಅಕ್ಕ ತಾಜ್‌ಮಹಲ್ ನೋಡ್ಕೊಂಡು ಬಂದು ಚೆನ್ನಾಗಿದೆ ಅಂದ್ಲು," ಎಂದ ಪಂಚಾಕ್ಷರಿ, ಮುಚ್ಚಳಗಳನ್ನು ಆಯುತ್ತ. "ಹೆತ್ತ ಮಗಳು ರ‍್ಯಾಂಕ್ ಬಂದಾಗ ಪರವಾಗಿಲ್ಲ ಅಂದ್ಲು. ನಿನ್ನ ನೋಡಕ್ಕೆ ಬಂದಿದ್ವಲ್ಲ, ಆಚೆ ಬಂದು ಅಮ್ಮನ ಕಿವೀಲಿ ಹೇಳಿದ್ದೂ ಅದೇ. 'ಹುಡುಗಿ ಪರವಾಗಿಲ್ಲ' ಅಂತ. ಅಮ್ಮ ಅಲ್ಲೇ ಒಪ್ಕೊಂಡ್ರು."

"ಇದನ್ನ ಏಳು ವರ್ಷದಿಂದ ಯಾಕ್ರೀ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಆ ಕ್ಷಣದಲ್ಲಿ ಸರ್ವಮಂಗಳೆ ಗಂಡನ ಕಡೆ ನೋಡಿದ ನೋಟವನ್ನು ವರ್ಣಿಸಲು ನನ್ನ ಪೊರಕೆಕಡ್ಡಿಗೆ ಶಕ್ತಿ ಸಾಲದು.

"ಹೋಗ್ಲಿ, ನಿನಗಷ್ಟು ಆಸೆ ಇದ್ರೆ ಈಗ ಅಂತೀನಿ ತಗೋ," ಎಂದು ಅತ್ತಿಗೆ ಹಾಲಿನ ಕಡೆ ತಿರುಗಿ, "ಮನೆ ಚೆನ್..." ಎನ್ನುವಷ್ಟರಲ್ಲಿ ಸರ್ವಮಂಗಳೆ ಹಾರಿ ಅವರ ಬಾಯಿ ಮುಚ್ಚಿದಳು. "ಅಯ್ಯಯ್ಯೋ ಬೇಡಿ ಅತ್ತಿಗೆ! ಅನ್ಬೇಡಿ!"

ಹೀಗೆ ಪ್ರತಿಜ್ಞೆ ತೀರಲೂ ಇಲ್ಲ, ಉಳಿಯಲೂ ಇಲ್ಲ. ಮೂವರೂ ಸೇರಿ ಕತ್ತರಿ ಹಿಡಿದು ಸೋಫಾದ ಪ್ಲಾಸ್ಟಿಕ್ಕನ್ನು ಸಿಗಿದರು. ಪಂಚಾಕ್ಷರಿ ಅದನ್ನು ಜೋಪಾನವಾಗಿ ಮಡಚಿ, ಯಾವುದಕ್ಕಾದರೂ ಬೇಕಾಗುತ್ತದೆಂದು ಸಣ್ಣ ರೂಮಿಗೇ ಹಾಕಿದನು. ಸರ್ವಮಂಗಳೆ ಏಳು ವರ್ಷಗಳಲ್ಲಿ ಮೊದಲ ಸಲ ಸೋಫಾದ ಬಟ್ಟೆಯ ಮೇಲೆ ಕೂತಳು. ಚರ್ರೆನ್ನಲಿಲ್ಲ.

"ಹೇಗಿದೆ?" ಎಂದ ಗಂಡ.

ಆಕೆ ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಅಂದಳು: "ಪರವಾಗಿಲ್ಲ."

ಈ ಕಥೆಯನ್ನು ಓದಿದವರ ಮನೆಯ ಸಣ್ಣ ರೂಮಿನ ಚಿಲಕ ಗಟ್ಟಿಯಾಗಿರಲಿ. ಕಥೆ ಹೇಗಿತ್ತೆಂದು ಯಾರಾದರೂ ಕೇಳಿದರೆ ದಯವಿಟ್ಟು ಐದಕ್ಷರದಲ್ಲೇ ಹೇಳಿ, ಇಲ್ಲದಿದ್ದರೆ ನನಗೂ ದೃಷ್ಟಿಯಾದೀತು.