ಹೊಟ್ಟೆಯೊಳಗಿನ ಕಾರ್ಖಾನೆಗೆ ಪರವಾನಗಿ

೧೯೯೪ರ ಆಗಸ್ಟ್ ೯, ಮಂಗಳವಾರ. ಎನಿಡ್ ಟ್ರೆಗೆಂಜಾ ಅವರ ಹಳೆಯ ದಿನಚರಿಯ ಪ್ರಕಾರ, ಅವರ ಮುನ್ನೂರ ಹನ್ನೆರಡು ಹಸುಗಳು ಅಂದಿನಿಂದ ಕಾರ್ಖಾನೆಗಳು.

ಪಶ್ಚಿಮ ಕ್ವೀನ್ಸ್‌ಲ್ಯಾಂಡಿನ ಆ ಬಯಲಲ್ಲಿ ಆಗಸ್ಟ್ ಹೊತ್ತಿಗೆ ಹುಲ್ಲೆಂಬುದು ಬರೀ ಕಡ್ಡಿ. ದನ ಉಳಿಯಬೇಕಾದರೆ ತೊಟ್ಟಿಯಲ್ಲಿ ಯೂರಿಯಾ ಬೆರೆಸಿದ ಉಪ್ಪು ಇಡಬೇಕು; ಇಡಬೇಕಾದರೆ ಕೃಷಿ ಇಲಾಖೆಯ ಅರ್ಜಿ ತುಂಬಬೇಕು. 'ಯೂರಿಯಾದ ಮೂಲ?' ಎಂಬಲ್ಲಿ ಸುತ್ತಲಿನವರೆಲ್ಲ 'ಅಂಗಡಿ' ಎಂದು ಬರೆದರು. ಆ ಸೀಮೆಗೆಲ್ಲ ವಿಜ್ಞಾನದ ಪದವಿ ಪಡೆದಿದ್ದ ಒಬ್ಬರೇ ಆದ ಎನಿಡ್ ಮಾತ್ರ ಹೆಚ್ಚಿನ ಹಾಳೆ ಅಂಟಿಸಿ ಮೂರು ಪ್ಯಾರಾ ಬರೆದರು: ಹಸುವಿನ ಲಿವರ್ ಕೂಡ ಯೂರಿಯಾ ತಯಾರಿಸುತ್ತದೆ, ಅದರಲ್ಲೊಂದು ಪಾಲು ಮೂತ್ರದಲ್ಲಿ ಹೋಗದೆ ಜೊಲ್ಲಿನ ಜೊತೆ, ರಕ್ತದ ಜೊತೆ ಹೊಟ್ಟೆಗೇ ಮರಳುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನುಂಡು ಪ್ರೋಟೀನಾಗಿ ಬೆಳೆಯುತ್ತವೆ, ಹಸು ಅವನ್ನೇ ಜೀರ್ಣಿಸಿಕೊಳ್ಳುತ್ತದೆ.

ಆ ಮಂಗಳವಾರ ಇಲಾಖೆಯಿಂದ ಲೆನಾಕ್ಸ್ ಎಂಬ ಅಧಿಕಾರಿ ಬಂದ.

"ಯೂರಿಯಾ ತಯಾರಿಸೋದು ಯಾರು ಅಂದ್ರಿ?"

"ಲಿವರ್."

"ಲೈಸೆನ್ಸ್ ಇದೆಯಾ?"

"ಲಿವರ್‌ಗಾ?"

"ತಯಾರಿಕೆ, ಸಾಗಣೆ, ಮರುಬಳಕೆ. ಒಂದೊಂದು ಹಸುವಿಗೂ ಮೂರು ಪರವಾನಗಿ. ಅಲ್ಲೀತನಕ ತೊಟ್ಟಿಗೆ ಬೀಗ."

"ಬೀಗ ಹಾಕಿದ್ರೂ ಅವು ಒಳಗೊಳಗೇ ತಯಾರಿಸ್ತಾನೇ ಇರ್ತಾವಲ್ರೀ?"

"ಅದು ನನಗೆ ಕೇಳಿಸಲಿಲ್ಲ ಮೇಡಂ. ಕೇಳಿಸಿದ್ರೆ ದಂಡ ಹಾಕಬೇಕಾಗುತ್ತೆ." ಲೆನಾಕ್ಸ್ ದನಿ ತಗ್ಗಿಸಿದ. "ಆ ಮೂರು ಪ್ಯಾರಾ ಹೊಡೆದುಹಾಕಿ, 'ಅಂಗಡಿ' ಅಂತ ಬರೀರಿ. ಈಗಲೇ ಬೀಗ ತೆಗೀತೀನಿ."

"ಅದರಲ್ಲಿ ತಪ್ಪೇನಿದೆ, ತೋರಿಸಿ ನೋಡೋಣ."

ತಪ್ಪು ಒಂದೂ ಇರಲಿಲ್ಲ. ಆದ್ದರಿಂದ ಬೀಗ ಉಳಿಯಿತು.

ಕೆಲವು ದಿನ ಕಳೆದ ಮೇಲೆ ದನ ಕಾಯುವವರ ಮುಖ್ಯಸ್ಥ ಕ್ಲಾರಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ಅಂಗಡಿ ಅಂತ ಬರೆದಿದ್ರೆ ಏನಾಗ್ತಿತ್ತು, ಅಮ್ಮಾವ್ರೇ?"

"ಅದು ಅಪೂರ್ಣ ಉತ್ತರ ಕಣಪ್ಪಾ."

"ಪೂರ್ಣ ಉತ್ತರ ಅಲ್ಲಿ ಮಲಗೈತೆ ನೋಡಿ. ಎಬ್ಬಿಸಿದ್ರೂ ಏಳ್ತಿಲ್ಲ."

ಎನಿಡ್ ಬಿದ್ದಿದ್ದ ಹಸುವನ್ನು ನೋಡಿದರು. ನೋಡಿ, ಒಳಗೆ ಹೋಗಿ, ಒಂಬೈನೂರ ಮೂವತ್ತಾರು ಅರ್ಜಿಗಳನ್ನು ಮುದ್ದಾದ ಅಕ್ಷರದಲ್ಲಿ ತುಂಬಿದರು. ಒಂದರಲ್ಲೂ ಚಿತ್ತುಕಾಟಿಲ್ಲವೆಂದು ಇಲಾಖೆ ಮೆಚ್ಚುಗೆಯ ಪತ್ರ ಬರೆಯಿತು. ಹನ್ನೊಂದನೆಯ ವಾರ ಪರವಾನಗಿ ಬಂತು.

ಈಗ ಆ ಸೀಮೆಯ ಪ್ರತಿ ಹಸುವಿನ ಕಿವಿಯಲ್ಲೂ ಕಾರ್ಖಾನೆ ಸಂಖ್ಯೆಯಿದೆ. ಮೆಲುಕು ಹಾಕುವ ವೇಳಾಪಟ್ಟಿಯನ್ನು ಬೇಲಿಗೆ ತೂಗುಹಾಕಿದ್ದಾರೆ, ಯಾರೂ ನಗುವುದಿಲ್ಲ. ಅರ್ಜಿ ತುಂಬುವುದನ್ನು ಕಲಿಯಲು ನೆರೆಹೊರೆಯವರು ಎನಿಡ್ ಬಳಿಗೇ ಬರುತ್ತಾರೆ; ಅವರು ಚಹಾ ಕೊಟ್ಟು, ಹೆಮ್ಮೆಯಿಂದಲೇ ಕಲಿಸುತ್ತಾರೆ.

ಆ ವರ್ಷದ ದಿನಚರಿಯ ಕೊನೆಯ ಪುಟದಲ್ಲಿ ಒಟ್ಟು ಖರ್ಚು ಬರೆದಿದೆ: ಹಸು ಹತ್ತೊಂಬತ್ತು, ಕರು ಏಳು. ಅರ್ಜಿಗಳಿಗೆ ಶುಲ್ಕವಿರಲಿಲ್ಲ.