ಕಸದ ಜಾಗ ಹುಡುಕುವ ಬಟನ್

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅನ್ನುವುದಕ್ಕೆ ನಗರಸಭೆಯ ನಕ್ಷೆ ವಿಭಾಗದ ಗೆರೆರಾಯರಿಗಿಂತ ಒಳ್ಳೆಯ ಸಾಕ್ಷಿ ಸಿಗಲಿಕ್ಕಿಲ್ಲ. ಕಂಪ್ಯೂಟರಿನಲ್ಲಿ ರಸ್ತೆ, ಚರಂಡಿಗಳ ಗೆರೆ ಎಳೆದೂ ಎಳೆದೂ ಆ ಅಡ್ಡಹೆಸರು ಸಂಪಾದಿಸಿದ್ದರು. ಹಾಗೇ ಎಳೆದುಕೊಂಡು ನಿವೃತ್ತರಾಗಬಹುದಿತ್ತು. ಅದು ಬಿಟ್ಟು, ನಕ್ಷೆಯ ಸಾಫ್ಟ್‌ವೇರಿಗೆ ತಮ್ಮದೇ ಒಂದು ಬಟನ್ ಸೇರಿಸುತ್ತೇನೆಂದು ಪ್ರೋಗ್ರಾಮಿಂಗ್ ಕಲಿಯಲು ಹೊರಟರು.

ಒಂದು ಬ್ರಾಕೆಟ್ ಬಿಟ್ಟುಹೋದರೆ ಒಂದು ಭಾನುವಾರ ಹೋಗುತ್ತಿತ್ತು. ಅಂತೂ ಬಟನ್ ಆಯಿತು. ಒತ್ತಿದರೆ ಊರಿನ ಶಾಲೆ, ಆಸ್ಪತ್ರೆಗಳ ಸುತ್ತ ಐನೂರು ಮೀಟರ್ ಕೆಂಪಾಗಿ, ಉಳಿದ ಖಾಲಿ ಸೈಟುಗಳಲ್ಲಿ ಎಲ್ಲಕ್ಕಿಂತ ಅನುಕೂಲವಾದದ್ದು ಹಸಿರಾಗುತ್ತಿತ್ತು. ಹಸಿರಾದಲ್ಲಿ ಊರ ಕಸದ ಯಾರ್ಡು. ಕಮಿಷನರ್ ಮೇಡಂ ಆ ದಿನ ಮಧ್ಯಾಹ್ನ ಬಂದು, ತಾವೇ ಬಟನ್ ಒತ್ತಿ, ಅಲ್ಲೇ ಸಹಿ ಹಾಕುವುದೆಂದು ನಿಶ್ಚಯವಾಗಿತ್ತು.

"ನಿಮ್ಮ ಬಟನ್ನು ನಮ್ಮನೆ ಎದುರಿನ ಸೈಟು ತೋರಿಸಿದ್ರೆ ನೀವು ಕಸದ ಜೊತೆ ಸಂಸಾರ ಮಾಡಿ. ನಾನು ಅಕ್ಕನ ಮನೆಗೆ ಹೋಗ್ತೀನಿ," ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿದ್ದರು. ಆ ಮನೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ. ಕಿಟಕಿಯಿಂದ ಗಾಳಿ ಬರುತ್ತದೆಂದೇ ಅವರು ಅದನ್ನು ಆರಿಸಿದ್ದು. ಗೆರೆರಾಯರು ಆಫೀಸಿಗೆ ಬಂದವರೇ ಒಮ್ಮೆ ಒತ್ತಿ ನೋಡಿದರು. ಊರಾಚೆಯ ಹಳೇ ಇಟ್ಟಿಗೆ ಗೂಡಿನ ಜಾಗ ಹಸಿರಾಯಿತು. ಜೀವ ಬಂದಂತಾಗಿ ಒಂದು ಲೋಟ ನೀರು ಕುಡಿದರು.

ನೀರು ಗಂಟಲಿನಲ್ಲಿರುವಾಗಲೇ ಇಂಜಿನಿಯರ್ ಬಂದು ಪರದೆ ನೋಡಿದರು.

"ರೀ, ಇಟ್ಟಿಗೆ ಗೂಡಿನ ಪಕ್ಕ ನನ್ನ ಮನೆ ಕಣ್ರೀ."

"ನಿಯಮದಲ್ಲಿ ಮನೆ ಇಲ್ಲ ಸಾರ್. ಶಾಲೆ, ಆಸ್ಪತ್ರೆ ಅಷ್ಟೇ."

"ನಮ್ಮತ್ತೆ ಹಾಸಿಗೆ ಹಿಡಿದಿದಾರೆ. ಆಸ್ಪತ್ರೆ ಅಂತಲೇ ತಿಳ್ಕೊಳ್ಳಿ."

ಮೇಲಧಿಕಾರಿ ತಿಳಿದುಕೊಳ್ಳಿ ಅಂದಮೇಲೆ ತಿಳಿದುಕೊಳ್ಳಬೇಕು. ಗೆರೆರಾಯರು ನಕ್ಷೆಯ ಮೇಲೆ ಆ ಮನೆಯನ್ನು ಕ್ಲಿಕ್ ಮಾಡಿ ಆಸ್ಪತ್ರೆ ಮಾಡಿದರು. ಹಸಿರು ಅಲ್ಲಿಂದ ಎದ್ದು ಲೆಕ್ಕಿಗರ ಮನೆ ಹಿತ್ತಲಿಗೆ ಹೋಯಿತು. ಲೆಕ್ಕಿಗರು ಕುರ್ಚಿ ಸಮೇತ ಬಂದರು.

"ನನ್ನ ಹೆಂಡತಿ ಮನೇಲಿ ಇಬ್ಬರಿಗೆ ಪಾಠ ಹೇಳ್ತಾಳೆ. ಶಾಲೆ ಆಯ್ತಲ್ಲ."

"ಆ ಇಬ್ಬರು ನಿಮ್ಮ ಮಕ್ಕಳೇ ಅಲ್ವೇ?"

"ನಮ್ಮ ಮಕ್ಕಳಿಗೆ ವಿದ್ಯೆ ಬೇಡ್ವೇನಪ್ಪ?"

ಆಮೇಲೆ ಟೈಪಿಸ್ಟಮ್ಮ. ಅವರ ಮೈದುನ ಮನೆಯಲ್ಲೇ ನಾಯಿಗಳಿಗೆ ಸೂಜಿ ಹಾಕುತ್ತಿದ್ದನಂತೆ. ಊಟದ ಹೊತ್ತಿಗೆ ಊರು ವಿದ್ಯೆಯಲ್ಲೂ ಆರೋಗ್ಯದಲ್ಲೂ ಹಿಂದೆಂದೂ ಕಾಣದ ಪ್ರಗತಿ ಸಾಧಿಸಿತ್ತು. ಆ ಹಸಿರು ಮಾತ್ರ, ಎಲ್ಲರೂ ಅಟ್ಟಿದ ಬೀದಿನಾಯಿಯ ಹಾಗೆ ಅಲೆದು ಅಲೆದು, ಗೆರೆರಾಯರ ಮನೆ ಕಿಟಕಿಯ ಎದುರು ಬಂದು ಕೂತಿತು.

ಗೆರೆರಾಯರಿಗೆ ತಮ್ಮ ಮನೆಯನ್ನೂ ಆಸ್ಪತ್ರೆ ಮಾಡದೆ ಗತಿಯಿರಲಿಲ್ಲ. ಆದರೆ ಊರಿಗೆಲ್ಲ ನಿಯಮ ಹೇಳಿದ ಬಾಯಲ್ಲಿ ನನಗೂ ಒಂದಿರಲಿ ಅನ್ನುವುದು ಹೇಗೆ? ನಕ್ಷೆಯ ಮೇಲೆ ಕ್ಲಿಕ್ ಮಾಡೋಣವೆಂದರೆ ಟೈಪಿಸ್ಟಮ್ಮ ಬೆನ್ನ ಹಿಂದೆಯೇ ನಿಂತು ಪರದೆ ನೋಡುತ್ತಿದ್ದರು. ಮೊಬೈಲನ್ನು ಮೇಜಿನ ಕೆಳಗೆ ಹಿಡಿದು, ಅದು ತೋರಿಸಿದ ಮನೆಯ ಅಕ್ಷಾಂಶ, ರೇಖಾಂಶದ ಅಂಕಿಗಳನ್ನು ಲೆಕ್ಕ ಬರೆಯುವವರಂತೆ ಟೈಪ್ ಮಾಡಿದರು. 'ಆಸ್ಪತ್ರೆ ಸೇರಿದೆ, ಧನ್ಯವಾದ' ಎಂದಿತು ಕಂಪ್ಯೂಟರ್. ಆ ಧನ್ಯವಾದ ಬರೆದವರೂ ಅವರೇ. ಬಟನ್ ಒತ್ತಿ ನೋಡುವ ಮೊದಲೇ ಕಮಿಷನರ್ ಒಳಗೆ ಬಂದರು.

ಮೇಡಂ ಬಟನ್ ಒತ್ತಿದರು. ಹಸಿರು ಕೂತಲ್ಲಿಂದ ಕದಲಲಿಲ್ಲ.

"ಇದು ಯಾವ ಜಾಗ?"

"ಇವರ ಮನೆ ಎದುರಿನ ಸೈಟು ಮೇಡಂ," ಎಂದರು ಲೆಕ್ಕಿಗರು, ಬಹಳ ನೊಂದವರಂತೆ.

"ಬೇರೆಲ್ಲೂ ಇಲ್ವಾ?" ಎಂದು ಮೇಡಂ 'ಪೂರ್ತಿ ನಕ್ಷೆ' ಒತ್ತಿದರು. ಊರು ಸಾಸಿವೆಯಷ್ಟಾಯಿತು. ಭೂಮಿಯ ನೆತ್ತಿಯ ಹತ್ತಿರ, ಹಿಮದ ಸಮುದ್ರದ ನಡುವೆ, 'ಆಸ್ಪತ್ರೆ' ಎಂದು ಬರೆದ ಒಂದೇ ಒಂದು ಕೆಂಪು ಚುಕ್ಕೆ ಕಾಣಿಸಿತು. ಗೆರೆರಾಯರಿಗೆ ಆಗ ಹೊಳೆಯಿತು. ಮೊಬೈಲು ಅಕ್ಷಾಂಶವನ್ನು ಮೊದಲು ಹೇಳುತ್ತದೆ. ಅವರ ಬಟನ್ನು ರೇಖಾಂಶವನ್ನು ಮೊದಲು ಕೇಳುತ್ತದೆ. ಅಂಕಿಗಳು ಅದಲುಬದಲಾಗಿ ಮನೆ ಸಮುದ್ರಕ್ಕೆ ಬಿದ್ದಿತ್ತು.

"ಸಮುದ್ರದೊಳಗೆ ಯಾವ ಆಸ್ಪತ್ರೆ?" ಎಂದರು ಮೇಡಂ.

ನನ್ನದು ಎಂದರೆ ಮಿಕ್ಕ ಆಸ್ಪತ್ರೆಗಳ ಜನ್ಮ ಜಾಲಾಡಬೇಕಾಗುತ್ತಿತ್ತು. ಮೇಜಿನ ಕೆಳಗೆ ಇಂಜಿನಿಯರ್ ಗೆರೆರಾಯರ ಕಾಲು ತುಳಿದರು.

"ಮೀನುಗಳಿಗೆ ಮೇಡಂ," ಎಂದರು ಗೆರೆರಾಯರು. "ನಮ್ಮ ಕಸ ಅಲ್ಲಿಗೆ ಹೋಗಬಾರದು ಅಂತ."

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. "ನೋಡಿ ಎಲ್ಲಾರೂ. ಅಷ್ಟು ದೂರದ ಮೀನನ್ನೂ ನೆನೆಸ್ಕೊಂಡಿದಾರೆ. ತಮ್ಮ ಮನೆ ಮಾತ್ರ ಸೇರಿಸ್ಕೊಂಡಿಲ್ಲ." ಸಹಿ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಜಿನಿಯರ್ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದರು.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು.

"ಏನಾಯ್ತು? ಎಲ್ಲರ ಮನೆನೂ ಆಸ್ಪತ್ರೆ ಆಯ್ತಂತೆ, ನಮ್ಮನೆ ಸೇರಿಸಿದ್ರಾ?"

"ಸೇರಿಸಿದೀನಿ."

"ಹತ್ತಿರ ಕಸ ಬರಲ್ಲ ತಾನೇ?"

ಗೆರೆರಾಯರು ಪರದೆಯ ಮೇಲಿನ ಚುಕ್ಕೆಯನ್ನೇ ನೋಡಿದರು.

"ಸುತ್ತ ಐನೂರು ಮೀಟರ್ ಒಂದು ಚೂರೂ ಬರಲ್ಲ," ಎಂದರು. "ಆದ್ರೆ ಅಲ್ಲಿಗೆ ಹೋಗೋದಾದ್ರೆ ಇಬ್ಬರಿಗೂ ಸ್ವೆಟರ್ ಬೇಕಾಗತ್ತೆ."